ಮಂಗಳೂರಿನ ಒಂದು ಹಳೆ ಶಾಲೆಯ ಮಾಡು ಬಿಚ್ಚಿ ಕಟ್ಟಿದ್ದು

ಇದು ಮಂಗಳೂರು ಪೇಟೆಯ ಒಂದು ಹಳೆ ಅನುದಾನಿತ ಶಾಲೆಯ ಕಥೆ. ಶಾಲೆಯ ಹೆಸರು ಹಾಕುವುದಿಲ್ಲ, ಆಡಳಿತದವರು ಬೇಡ ಅಂದಿದ್ದಾರೆ. ಹಂಪನಕಟ್ಟೆಯಿಂದ ನಡೆದೇ ಹೋಗಬಹುದು ಅಂತ ಮಾತ್ರ ಹೇಳಬಲ್ಲೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಸುಣ್ಣದ ಸಾರಣೆ, ಮರದ ಮಾಡು ಅಂದರೆ ಚಾವಣಿ, ಮೇಲೆ ಮಂಗಳೂರು ಹಂಚು. ನಡುವೆ ಒಂದು ದೊಡ್ಡ ಹಾಲ್, ಮುಂದೆ ಉದ್ದಕ್ಕೂ ಜಗಲಿ. ಹಿಂದೆ ಆಮೇಲೆ ಸೇರಿಸಿದ, ಒಂದೇ ಕಡೆಗೆ ಇಳಿಯುವ ಇಳಿಮಾಡಿನ ಕೋಣೆಗಳ ಸಾಲು. ಒಂದು ಮೂಲೆಯಲ್ಲಿ ಅಡ್ಡಕ್ಕೆ ಚಾಚಿದ ಚಿಕ್ಕ ಕೋಣೆ.

ಸೋರುತ್ತಿತ್ತು. ಹಂಚು ತೆಗೆದು ತಗಡಿನ ಶೀಟ್ ಹೊದಿಸಿಬಿಡುವುದು ಅಂತ ತೀರ್ಮಾನ ಆಗುವುದರಲ್ಲಿತ್ತು. ಹಳೆ ವಿದ್ಯಾರ್ಥಿಗಳಲ್ಲಿ ನಾವು ಕೆಲವರು ಒಂದು ಬೇಸಗೆ ರಜೆ ಕೇಳಿಕೊಂಡೆವು. ಒಬ್ಬರು ಮೇಸ್ತ್ರಿ, ಒಬ್ಬರು ಮರದ ಕೆಲಸದ ಆಚಾರ್ರು, ಅವರ ಜೊತೆಯ ಹುಡುಗರು, ಮತ್ತೆ ನಾವು. ಪರೀಕ್ಷೆ ಮುಗಿದ ಮೇಲೆ ಶುರು, ಜೂನ್ ಮಳೆಗೆ ಮುಂಚೆ ಮುಗಿಯಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಮಾಡು ಬಿಚ್ಚಿಟ್ಟುಕೊಂಡು ಕೂರುವ ಹಾಗಿಲ್ಲ.

ಸೋರುವುದು ಎಲ್ಲಿಂದ

ಇದನ್ನು ಹಿಂದಿನ ಮಳೆಗಾಲದಲ್ಲೇ ಮಾಡಿಟ್ಟುಕೊಂಡಿದ್ದೆವು. ಜೋರು ಮಳೆ ಬಂದಾಗ ಟಾರ್ಚ್ ಹಿಡಿದು ಒಳಗಿನಿಂದ ನೋಡುವುದು, ನೆಲದಲ್ಲಿ ಹನಿ ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುವುದು ಕಡಿಮೆ. ನೀರು ಹಂಚು ಕೂರುವ ಅಡ್ಡ ಪಟ್ಟಿಗೆ, ಅಂದರೆ ರೀಪಿಗೆ ಇಳಿದು, ಅಲ್ಲಿಂದ ಇಳಿಜಾರಿನ ಉದ್ದಕ್ಕೆ ಇರುವ ಮರದ, ಅಂದರೆ ಪಕ್ಕಾಸಿನ ಅಡಿಭಾಗ ಹಿಡಿದು ಜಾರಿ, ಎಲ್ಲೋ ಒಂದು ಗಂಟು ಸಿಕ್ಕಲ್ಲಿ ಕೆಳಗೆ ಬೀಳುತ್ತದೆ. ಹಾಗಾಗಿ ಗುರುತಿನಿಂದ ಮಾಡಿನ ನೆತ್ತಿಯ (ಎರಡು ಇಳಿಜಾರು ಮೇಲೆ ಕೂಡುವ ಸಾಲಿನ) ಕಡೆಗೆ ಹುಡುಕುತ್ತಾ ಹೋಗಬೇಕು. ಮರದ ಮೇಲೆ ಕಪ್ಪು ಗೆರೆ ಇರುತ್ತದೆ, ಅದೇ ದಾರಿ.

ಗುರುತುಗಳನ್ನೆಲ್ಲ ಒಂದು ನಕ್ಷೆಗೆ ಇಳಿಸಿದಾಗ ಕಂಡದ್ದು ಆಶ್ಚರ್ಯದ ಸಂಗತಿ. ದೊಡ್ಡ ಹಾಲಿನ ಮಾಡು ಅಷ್ಟೇನೂ ಸೋರುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಒಡೆದ ಹಂಚು, ಅದೂ ಹೆಚ್ಚಿನದು ಮಂಗಗಳ ಕೃಪೆ. ಸೋರಿಕೆಯ ದೊಡ್ಡ ಪಾಲು ಮೂರು ಕಡೆ: ನೆತ್ತಿಯ ಸಾಲು, ಎರಡು ಮಾಡು ಕೂಡುವ ಒಳಮೂಲೆ, ಹಿಂದಿನ ಇಳಿಮಾಡು. ಈ ಮೂರೂ ಕಡೆ ಹಿಂದೆ ಯಾರೋ 'ಪಕ್ಕಾ' ಮಾಡಿದ್ದರು. ನೆತ್ತಿಗೆ ದಪ್ಪ ಸಿಮೆಂಟ್, ಒಳಮೂಲೆಗೆ ಡಾಂಬರು, ಇಳಿಮಾಡಿಗೆ ಹಂಚಿನ ಸಂದಿಗೆಲ್ಲ ಸಿಮೆಂಟ್ ಹಾಲು.

ಹಂಚಿನ ಬೆನ್ನ ಮೇಲಿನ ಅಕ್ಷರ

ಹಂಚು ಇಳಿಸುವುದು ನೆತ್ತಿಯಿಂದ ಸೂರಿನ ಕಡೆಗೆ. ಎರಡೂ ಇಳಿಜಾರನ್ನು ಸಮನಾಗಿ ಇಳಿಸುತ್ತಾ ಬರಬೇಕು. ಒಂದು ಕಡೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಕಡೆ ಭಾರ ಬಿಟ್ಟರೆ ಹಳೆ ಮರ ಒಂದು ಬದಿಗೆ ತಳ್ಳಿಸಿಕೊಳ್ಳುತ್ತದೆ. ಒಂದು ಹಂಚು ಎರಡೂವರೆ ಕೆಜಿ ಆಸುಪಾಸು. ನೂರು ಚದರಡಿಗೆ 140ರಿಂದ 150 ಹಂಚು ಬೇಕು. ಲೆಕ್ಕ ಹಾಕಿ, ತಲೆಯ ಮೇಲೆ ಎಷ್ಟು ಟನ್ ಇಟ್ಟುಕೊಂಡು ನಾವು ಮಗ್ಗಿ ಕಲಿತೆವು ಅಂತ.

ಪ್ರತಿ ಹಂಚಿನಲ್ಲೂ ಕಾರ್ಖಾನೆಯ ಅಚ್ಚು ಇರುತ್ತದೆ. ಇಳಿಸುವಾಗ ಯಾವ ಸಾಲಿನಲ್ಲಿ ಯಾವ ಅಚ್ಚು ಬಂತು ಅಂತ ಬರೆದಿಟ್ಟುಕೊಳ್ಳುತ್ತಾ ಹೋದೆವು. ಸುಮ್ನೆ ಕುತೂಹಲಕ್ಕೆ ಶುರುವಾದದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ದೊಡ್ಡ ಹಾಲಿನಲ್ಲಿ ಹೆಚ್ಚಿನವು ಬಾಸೆಲ್ ಮಿಷನ್ ಹಂಚುಗಳು. ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೊದಲು ಶಾಲೆ, ಆಮೇಲೆ ಅಚ್ಚುಕೂಟ, ನೇಯ್ಗೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಪತ್ರಿಕೆ ತಂದದ್ದು ಇದೇ ಅಚ್ಚುಕೂಟದಿಂದ. ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಜೆಪ್ಪುವಿನಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಎಂಬವರ ಕೈಯಲ್ಲಿ. ನೇತ್ರಾವತಿ ದಂಡೆಯ ಜೇಡಿಮಣ್ಣು ಹತ್ತಿರವೇ ಇತ್ತು, ಸುಡುವುದಕ್ಕೆ ಘಟ್ಟದ ಕಟ್ಟಿಗೆ ಹೊಳೆಯಲ್ಲೇ ಬರುತ್ತಿತ್ತು, ಸಾಗಿಸಲು ಬಂದರು ಇತ್ತು. ಒಂದರೊಳಗೊಂದು ಕೂತುಕೊಳ್ಳುವ ಈ ಹಂಚಿನ ವಿನ್ಯಾಸ ಮಾತ್ರ ಯುರೋಪಿನದು. ಆಲ್ಸೇಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲಿ ಅಂಥದ್ದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. 1868ರಲ್ಲಿ ಅಲ್ಬುಕರ್ಕ್ ಆ್ಯಂಡ್ ಸನ್ಸ್ ಶುರುವಾಯಿತು. ಆಮೇಲೆ ನದಿಯ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು.

ಹಿಂದಿನ ಇಳಿಮಾಡಿನ ಹಂಚಿನಲ್ಲಿ ಬೇರೆ ಅಚ್ಚು. ಅಲ್ಲಿ ಇದ್ದದ್ದು ಕಾಮನ್‌ವೆಲ್ತ್ ಟ್ರಸ್ಟ್. ಮೊದಲನೇ ಮಹಾಯುದ್ಧ ಬಂದಾಗ ಬಾಸೆಲ್ ಮಿಷನ್ನಿನಲ್ಲಿ ಜರ್ಮನ್ನರು ಇದ್ದಾರೆ ಅಂತ ಬ್ರಿಟಿಷ್ ಸರಕಾರ ಅವರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. 1919ರಲ್ಲಿ ಅವನ್ನು ನಡೆಸಲು ಹೊಸ ಕಂಪನಿ ಆಯಿತು, ಅದೇ ಕಾಮನ್‌ವೆಲ್ತ್ ಟ್ರಸ್ಟ್. ಅಂದರೆ ಆ ಹಂಚು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇಳಿಮಾಡು ಪೂರ್ತಿ ಅದೇ ಅಚ್ಚಿನದು, ಮರವೂ ಬೇರೆ ಜಾತಿಯದು, ಗೋಡೆ ದೊಡ್ಡ ಗೋಡೆಗೆ ಹೆಣೆದುಕೊಂಡಿಲ್ಲ, ಬರೀ ತಾಗಿ ನಿಂತಿದೆ. ಎಲ್ಲ ಸೇರಿಸಿ ನೋಡಿದರೆ ದೊಡ್ಡ ಹಾಲು ಮೊದಲು, ಹಿಂದಿನ ಸಾಲು 1919ರ ಮೇಲೆ ಅಂತ ಧೈರ್ಯವಾಗಿ ಹೇಳಬಹುದು. ಹಾಲಿನ ವಿಷಯದಲ್ಲಿ ಅಷ್ಟು ಧೈರ್ಯ ಬೇಡ. ಹಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವುದು ಈ ಊರಿನಲ್ಲಿ ಯಾವಾಗಲೂ ಇದ್ದದ್ದೇ. ಬಿಚ್ಚಿದ ಮನೆಯ ಹಂಚು ಇವತ್ತಿಗೂ ಮಾರಾಟಕ್ಕೆ ಸಿಗುತ್ತದಲ್ವಾ?

ಇಳಿಮಾಡು ಯಾಕೆ ಸೋರುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಹಾಲಿನ ಮಾಡು ಎರಡು ಅಡಿ ಅಗಲಕ್ಕೆ ಒಂದು ಅಡಿಗಿಂತ ಜಾಸ್ತಿ ಏರುತ್ತದೆ. ಹಂಚಿನ ಮೇಲೆ ಬಿದ್ದ ನೀರು ನಿಲ್ಲದೆ ಓಡಲು ಅಷ್ಟು ಬೇಕು. ಆದರೆ ಹಿಂದಿನ ಸಾಲನ್ನು ಆಮೇಲೆ ಸೇರಿಸುವಾಗ ಮೇಲಿನ ಮಿತಿ ಮೊದಲೇ ನಿರ್ಧಾರ ಆಗಿತ್ತು. ಹಾಲಿನ ಸೂರಿನ ಅಡಿಗೆ ತೂರಿಸಬೇಕು. ಕೆಳಗೆ ಮಕ್ಕಳ ತಲೆಗೆ ತಾಗಬಾರದು. ನಡುವೆ ಸಿಕ್ಕಿದ ಇಳಿಜಾರು ಕಡಿಮೆ. ಕಟ್ಟಿದವರಿಗೆ ಗೊತ್ತಿಲ್ಲದೆ ಆದದ್ದಲ್ಲ, ಬೇರೆ ದಾರಿ ಇರಲಿಲ್ಲ. ಮಕ್ಕಳು ಜಾಸ್ತಿ ಆದರು, ಕೋಣೆ ಬೇಕಾಯಿತು, ಅಷ್ಟೇ.

ಹಂಚಿನ ಆಯ್ಕೆ

ಇಳಿಸಿದ ಹಂಚನ್ನು ಜಗಲಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದೆವು. ಮಲಗಿಸಿ ಪೇರಿಸಿದರೆ ಅಡಿಯವು ಸೀಳುತ್ತವೆ. ಬೆರಳ ಗಂಟಿನಿಂದ ಕುಟ್ಟಿದರೆ ಒಳ್ಳೆ ಹಂಚು ಕಣ್ ಅನ್ನುತ್ತದೆ, ಸೀಳಿದ್ದು ಬೊದ್ದು ಸದ್ದು ಕೊಡುತ್ತದೆ. ಅನುಮಾನ ಬಂದವನ್ನು ಒಣಗಿಸಿ ತೂಗಿ, ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ ಮತ್ತೆ ತೂಗಿದೆವು. ತೂಕ ಐದನೇ ಒಂದು ಪಾಲಿಗಿಂತ ಹೆಚ್ಚು ಏರಿದರೆ ಆ ಹಂಚು ಹೊರಗೆ. ಅಂಥದ್ದು ಸೋರದೇ ಇದ್ದರೂ ಮಳೆಗಾಲ ಇಡೀ ಒದ್ದೆಯಾಗಿ ಕೂತು ಕೆಳಗಿನ ರೀಪನ್ನು ಕೊಳೆಸುತ್ತದೆ.

ಪಾಚಿ ತೆಗೆಯಲು ತೆಂಗಿನ ನಾರು, ಸಂದಿಗೆ ಹಳೆ ಚೂರಿ. ಜೋರು ನೀರಿನ ಪಂಪು ಬೇಡವೇ ಬೇಡ. ಸುಟ್ಟಾಗ ಹಂಚಿನ ಮೇಲೆ ಒಂದು ಗಟ್ಟಿ ಪದರ ಬಂದಿರುತ್ತದೆ, ಪಂಪು ಅದನ್ನೇ ಎಬ್ಬಿಸಿಬಿಡುತ್ತದೆ. ಪಾಚಿಯಲ್ಲಿ ಮುಖ್ಯವಾದದ್ದು ಅಂದಚಂದದ ಪ್ರಶ್ನೆಯಲ್ಲ. ಹಂಚಿನ ಬದಿಯ ಕಾಲುವೆ ತುಂಬಿಕೊಂಡರೆ ನೀರು ಪಕ್ಕಕ್ಕೆ ಉಕ್ಕುತ್ತದೆ. ಅರ್ಧ ಸೋರಿಕೆ ಇಷ್ಟರಿಂದಲೇ.

ಒಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಬೇರೆ ಬೇರೆ ಕಾರ್ಖಾನೆಯ ಹಂಚು ನೋಡಲು ಒಂದೇ, ಕೂರಿಸಿದರೆ ಕೂರುವುದಿಲ್ಲ. ಅಚ್ಚಿನಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ, ಹತ್ತು ಹಂಚು ಹೋಗುವಷ್ಟರಲ್ಲಿ ಅದು ಬೆರಳು ತೂರುವಷ್ಟು ಆಗುತ್ತದೆ. ಬರೆದಿಟ್ಟ ಪಟ್ಟಿ ಇಲ್ಲಿ ಕೆಲಸಕ್ಕೆ ಬಂತು. ಜಗಲಿಯ ಕಡೆಯ ಇಳಿಜಾರಿಗೆ ಪೂರ್ತಿ ಒಂದೇ ಅಚ್ಚು, ಹಿಂದಿನದಕ್ಕೆ ಇನ್ನೊಂದು. ಕಡಿಮೆ ಬಿದ್ದದ್ದಕ್ಕೆ ಬಿಚ್ಚಿದ ಮನೆಗಳ ಹಂಚು ಹುಡುಕಿದೆವು, ಹೋಗುವಾಗ ಒಂದು ಮಾದರಿ ಹಂಚು ಕಂಕುಳಲ್ಲಿ ಇಟ್ಟುಕೊಂಡೇ ಹೋಗುವುದು.

ಮರ

ಹಾಲಿನ ಪಕ್ಕಾಸುಗಳು ಕಿರಾಲ್‌ಬೋಗಿ. ನಡುವಿನ ಭಾಗಕ್ಕೆ ಉಳಿ ಹೊಡೆದರೆ ಉಳಿಯೇ ಹಿಂದೆ ಬರುತ್ತದೆ, ಅಷ್ಟು ಗಟ್ಟಿ. ಆದರೆ ಗೋಡೆಯ ಮೇಲೆ ಕೂರುವ ಬುಡ? ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯ ತನಕ ಹೋಗುವಂಥ ಬುಡಗಳು ಸಾಲಾಗಿ ಸಿಕ್ಕಿದವು. ಆಚಾರ್ರು ಒಂದು ಚೂರು ಕಿತ್ತು ಬೆರಳಲ್ಲಿ ತಿಕ್ಕಿ ನೋಡಿ, "ಎಂತ ಮಾರಾಯ್ರೆ, ಇದು ಮರ ಅಲ್ಲ, ಹಿಟ್ಟು" ಅಂದರು.

ಕಾರಣ ಕಣ್ಣೆದುರೇ ಇತ್ತು. ಮೂಲದಲ್ಲಿ ಪಕ್ಕಾಸಿನ ಬುಡಗಳ ನಡುವೆ ಗೋಡೆಯ ತಲೆಯ ಮೇಲೆ ಸಂದಿ ಬಿಟ್ಟಿದ್ದರು. ಅಲ್ಲಿಂದ ಗಾಳಿ ಒಳಗೆ, ಬಿಸಿಗಾಳಿ ಹಂಚಿನ ಸಂದಿಯಿಂದ ಹೊರಗೆ. ಯಾವುದೋ ಕಾಲದಲ್ಲಿ ಪಾರಿವಾಳ, ಬಾವಲಿ ಬರುತ್ತವೆ ಅಂತ ಆ ಸಂದಿಗಳಿಗೆ ಇಟ್ಟಿಗೆ ಚೂರು, ಸಿಮೆಂಟ್ ತುಂಬಿದ್ದಾರೆ. ಸೂರಿನ ಹತ್ತಿರ ಒಂದಿಷ್ಟು ನೀರು ಯಾವಾಗಲೂ ಬರುತ್ತದೆ. ಮೊದಲು ಅದು ಗಾಳಿಗೆ ಒಣಗುತ್ತಿತ್ತು. ತುಂಬಿದ ಮೇಲೆ ಸಿಮೆಂಟಿನ ಗೂಡಿನೊಳಗೆ ನಿಂತು ಮರವನ್ನು ತಿಂದಿತು.

ಪೂರ್ತಿ ಪಕ್ಕಾಸು ಬದಲಿಸಲಿಲ್ಲ. ಕೊಳೆತ ಬುಡ ಗಟ್ಟಿ ಮರ ಸಿಗುವ ತನಕ ಓರೆಯಾಗಿ ಕೊಯ್ದು, ಅದೇ ಓರೆಗೆ ಹೊಸ ತುಂಡು ಕೂರಿಸಿ, ಎರಡು ಬೋಲ್ಟ್ ಬಿಗಿದೆವು. ಓರೆಯ ಉದ್ದ ಮರದ ಎತ್ತರದ ಮೂರ್ನಾಲ್ಕು ಪಟ್ಟು ಇರಬೇಕು ಅನ್ನುವುದು ಆಚಾರ್ರ ಲೆಕ್ಕ. ಹೊಸ ಕಿರಾಲ್‌ಬೋಗಿ ಸಿಗುವುದು ಕಷ್ಟ, ಸಿಕ್ಕರೂ ನಮ್ಮ ಕೈಗೆ ಎಟಕದು. ಬಿಚ್ಚಿದ ಒಂದು ಗೋದಾಮಿನ ತೊಲೆ ತಂದು ಸೀಳಿಸಿದೆವು. ಹಳೆ ಮರ ಚೆನ್ನಾಗಿ ಒಣಗಿರುತ್ತದೆ, ಕೂರಿಸಿದ ಮೇಲೆ ಸೊಟ್ಟಗಾಗುವುದಿಲ್ಲ. ಆದರೆ ಮೊಳೆ ನೋಡಿ ಕಿತ್ತು ಕೊಡದಿದ್ದರೆ ಮಿಲ್ಲಿನವರು ಬೈಯುತ್ತಾರೆ, ಸರಿಯಾಗಿಯೇ ಬೈಯುತ್ತಾರೆ.

ಬುಡಗಳಿಗೆ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆ ಇದು. ಗೆದ್ದಲು ಹತ್ತಿರ ಬರುವುದಿಲ್ಲ, ಕರಾವಳಿಯಲ್ಲಿ ದೋಣಿಗೂ ಇದನ್ನೇ ಹಚ್ಚುವುದು. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ. ಉದ್ದ ಕೈಗವಸು ಹಾಕಿ, ಉದ್ದ ಹಿಡಿಯ ಬ್ರಶ್ ಇಟ್ಟುಕೊಳ್ಳಿ. ಶಾಲೆ ಶುರುವಾಗುವುದಕ್ಕೆ ಬಹಳ ಮೊದಲೇ ಹಚ್ಚಿ ಒಣಗಲು ಬಿಡಬೇಕು.

ಗೋಡೆಯ ತಲೆಯ ಸಂದಿಗಳನ್ನೆಲ್ಲ ಮತ್ತೆ ತೆರೆದು ಒಳಗಿನಿಂದ ತುಕ್ಕು ಹಿಡಿಯದ ಜಾಲರಿ ಹೊಡೆದೆವು. ಪಾರಿವಾಳದ ಸಮಸ್ಯೆಗೆ ಅಷ್ಟೇ ಸಾಕಿತ್ತು.

ರೀಪು ಹೊಡೆಯುವ ಅಳತೆ

ರೀಪು ಪೂರ್ತಿ ಹೊಸದು ಹಾಕಿದೆವು. ಇಲ್ಲಿ ಪುಸ್ತಕದ ಅಳತೆ ನಂಬಬಾರದು. ಹನ್ನೆರಡೂವರೆ ಇಂಚು ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಹಂಚು ಏನು ಹೇಳುತ್ತದೆ ಅಂತ ನೋಡಬೇಕು. ಹತ್ತು ಹಂಚನ್ನು ನೆಲದಲ್ಲಿ ಒಂದರ ಹಿಂದೆ ಒಂದು ಸಿಕ್ಕಿಸಿ, ಎಷ್ಟಾಗುತ್ತದೋ ಅಷ್ಟು ಎಳೆದು ಅಳೆಯಿರಿ. ಆಮೇಲೆ ಪೂರ್ತಿ ಒತ್ತಿ ಅಳೆಯಿರಿ. ಎರಡರ ನಡುವಿನದನ್ನು ಲೆಕ್ಕ ಮಾಡಿ ಒಂದು ಕೋಲು ಕತ್ತರಿಸಿಕೊಳ್ಳಿ. ಆಚಾರ್ರ ಹುಡುಗ ಆ ಕೋಲನ್ನು ಬಿಟ್ಟು ಬೇರೆ ಟೇಪು ಮುಟ್ಟಲೇ ಇಲ್ಲ. ಎರಡು ಅಚ್ಚಿಗೆ ಎರಡು ಕೋಲು, ಬಣ್ಣ ಬಳಿದು ಬೇರೆ ಇಟ್ಟಿದ್ದೆವು.

ಹಂಚಿಗೆ ಮೊಳೆ ಇಲ್ಲ. ಅಡಿಯ ಗುಬುಟು ರೀಪಿಗೆ ಸಿಕ್ಕಿಕೊಂಡು, ಬದಿ ಪಕ್ಕದವನಿಗೆ ಸಿಕ್ಕಿಕೊಂಡು, ತನ್ನ ತೂಕದಲ್ಲೇ ಕೂರುತ್ತದೆ. ಸೂರಿನ ಸಾಲು, ಬದಿಯ ಸಾಲು ಮಾತ್ರ ಗಾಳಿಗೆ ಏಳದಂತೆ ತಂತಿಯಲ್ಲಿ ಕಟ್ಟುವುದು. ಇದು ನನಗೆ ಈ ಮಾಡಿನಲ್ಲಿ ಬಹಳ ಇಷ್ಟವಾದ ಸಂಗತಿ. ಒಂದು ಹಂಚು ಒಡೆದರೆ ಕೆಳಗಿನಿಂದಲೇ ಮೇಲಿನ ಹಂಚನ್ನು ಸ್ವಲ್ಪ ಎತ್ತಿ ಹೊಸದನ್ನು ತೂರಿಸಬಹುದು. ಇಡೀ ಕಟ್ಟಡವನ್ನು ಬಿಚ್ಚಲು ಬರುವ ಹಾಗೆ ಕಟ್ಟಿದ್ದಾರೆ. ಸಂದಿಗೆಲ್ಲ ಸಿಮೆಂಟ್ ಹಾಲು ಎರೆದ ಇಳಿಮಾಡಿನಲ್ಲಿ ಒಂದು ಒಡೆದ ಹಂಚು ತೆಗೆಯಲು ಹೋದರೆ ಸುತ್ತಲಿನ ಐದು ಒಡೆಯುತ್ತಿದ್ದವು.

ನೆತ್ತಿಯೂ ಇದೇ ಕಥೆ. ಮರ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ. ಗಟ್ಟಿ ಸಿಮೆಂಟಿಗೆ ಅದರ ಜೊತೆ ಹೋಗಲು ಬರುವುದಿಲ್ಲ, ಬಿರುಕು ಬಿಡುತ್ತದೆ, ಆ ಬಿರುಕು ನೀರನ್ನು ಹೀರಿ ಒಳಗೆ ಕಳಿಸುತ್ತದೆ. ನಾವು ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಿ ನೆತ್ತಿಯ ಹಂಚು ಕೂರಿಸಿದೆವು. ಕೂರುವಷ್ಟೇ ಹಾಕಬೇಕು, ಮೆತ್ತಬಾರದು.

ಒಳಮೂಲೆಯಲ್ಲಿ ನೀರು ಹರಿಯುವ ತಗಡಿನ ಕಾಲುವೆಗೆ ದೋಣಿ ಅನ್ನುತ್ತೇವೆ, ಅದರಲ್ಲಿ ಡಾಂಬರಿನ ಅಡಿ ತುಕ್ಕು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅಗಲದ ಅಲ್ಯೂಮಿನಿಯಂ ತಗಡು ತಂದು, ಎರಡೂ ಅಂಚನ್ನು ಮೇಲಕ್ಕೆ ಮಡಚಿ, ಹಂಚು ಎರಡೂ ಬದಿಯಿಂದ ಚೆನ್ನಾಗಿ ಒಳಗೆ ಚಾಚುವಂತೆ ಕತ್ತರಿಸಿ ಕೂರಿಸಿದೆವು. ನಡುವೆ ಕೈ ಹಾಕಿ ಎಲೆ ತೆಗೆಯುವಷ್ಟು ಜಾಗ ಬಿಟ್ಟಿದ್ದೇವೆ. ಸಂದಿ ಕಿರಿದು ಮಾಡಿದರೆ ನೋಡಲು ಚಂದ, ಆದರೆ ಒಂದು ಹಲಸಿನ ಎಲೆ ಸಾಕು ದೋಣಿ ಕಟ್ಟಿಕೊಳ್ಳಲು.

ಇಳಿಮಾಡಿಗೆ ಶೀಟ್ ಹಾಕಿದೆವು. ಹೌದು, ಶೀಟ್. ಇಳಿಜಾರು ಹೆಚ್ಚಿಸಲು ಬರುವುದಿಲ್ಲ, ಹಂಚೊಂದೇ ಆ ಇಳಿಜಾರಿಗೆ ಸಾಲದು. ಪಕ್ಕಾಸಿನ ಮೇಲೆ ತೆಳು ಅಲ್ಯೂಮಿನಿಯಂ ಶೀಟ್, ಅದರ ಮೇಲೆ ಇಳಿಜಾರಿನ ಉದ್ದಕ್ಕೆ ಸಣ್ಣ ಪಟ್ಟಿ, ಪಟ್ಟಿಯ ಮೇಲೆ ಅಡ್ಡಕ್ಕೆ ರೀಪು, ಮೇಲೆ ಹಂಚು. ಹಂಚಿನಿಂದ ತಪ್ಪಿಸಿಕೊಂಡ ನೀರು ಶೀಟಿನ ಮೇಲೆ ಹರಿದು ಸೂರಿನ ದಂಬೆಗೆ (ನೀರು ಹೋಗುವ ಕೊಳವೆಗೆ) ಹೋಗುತ್ತದೆ. ಉದ್ದದ ಪಟ್ಟಿ ಮರೆತರೆ ಅಡ್ಡ ರೀಪೇ ಒಡ್ಡು ಆಗಿ ನೀರು ನಿಲ್ಲುತ್ತದೆ. ಮೇಲೆ ಹಂಚು ಇರುವುದರಿಂದ ಶೀಟ್ ಕಾಯುವುದಿಲ್ಲ, ಮಳೆಯ ಗದ್ದಲವೂ ಇಲ್ಲ. ಬರೀ ಶೀಟಿನ ಅಡಿಯಲ್ಲಿ ಜುಲೈ ತಿಂಗಳಲ್ಲಿ ಪಾಠ ಮಾಡಿದ ಯಾವ ಟೀಚರನ್ನಾದರೂ ಕೇಳಿ, ಹೇಳುತ್ತಾರೆ.

ಗೋಡೆ

ಮುರಕಲ್ಲಿನ ಗುಣವನ್ನು 1800-01ರಲ್ಲಿ ಈ ಕಡೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ: ಕೋರೆಯಲ್ಲಿ ಇರುವಾಗ ಕಬ್ಬಿಣದ ಹತಾರಿನಲ್ಲಿ ಸುಲಭವಾಗಿ ಕೊಯ್ಯಬಹುದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಗೋಡೆ ಎರಡು ಅಡಿಗೆ ಹತ್ತಿರ ದಪ್ಪ. ಕಲ್ಲಿನೊಳಗೆಲ್ಲ ತೂತು. ನೀರು ಹೀರುತ್ತದೆ, ಬಿಡುತ್ತದೆ. ಸುಣ್ಣದ ಸಾರಣೆಯೂ ಹಾಗೆಯೇ. ಎರಡಕ್ಕೂ ಹೊಂದಾಣಿಕೆ ಇತ್ತು.

ಒಳಗಡೆ ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟ್ ಸಾರಣೆ, ಅದರ ಮೇಲೆ ಎಣ್ಣೆ ಬಣ್ಣ ಇತ್ತು. ಮಕ್ಕಳು ಕೈ ಒರಸಿದರೆ ತೊಳೆಯಬಹುದು ಅನ್ನುವ ಲೆಕ್ಕ, ಅದೇನೂ ತಪ್ಪಲ್ಲ. ಆದರೆ ನೆಲದಿಂದ ಏರಿದ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲದೆ ಸಿಮೆಂಟಿನ ಮೇಲ್ಗಡೆ, ಸರಿಯಾಗಿ ನಾಲ್ಕೂವರೆ ಅಡಿಯಲ್ಲಿ, ಗೋಡೆ ಉದ್ದಕ್ಕೂ ಬಿಳಿ ಉಪ್ಪು ಉದುರುತ್ತಿತ್ತು. ಸಿಮೆಂಟ್ ಪದರ ಹಾಳೆಯಂತೆ ಎದ್ದು ಬಂತು, ಹಿಂದೆ ಕಲ್ಲು ಒದ್ದೆ. ಒಣಗಲು ಬಿಟ್ಟೆವು. ಈ ಕೆಲಸವನ್ನೇ ಎಲ್ಲಕ್ಕಿಂತ ಮೊದಲು ಶುರು ಮಾಡಬೇಕು, ಮಾಡಿನ ಕೆಲಸ ಮುಗಿಯುವ ತನಕ ಗೋಡೆಗೆ ಒಣಗಲು ಸಮಯ ಸಿಗುತ್ತದೆ.

ಸಾರಣೆಗೆ ಚಿಪ್ಪಿನ ಸುಣ್ಣ. ಹೊಳೆಯ ಚಿಪ್ಪು ಸುಟ್ಟು ಮಾಡಿದ್ದು. ಅರಳಿಸುವಾಗ ನೀರು ಕುದಿಯುತ್ತದೆ. ಕನ್ನಡಕ ಹಾಕದೆ ಯಾರನ್ನೂ ಹತ್ತಿರ ಬಿಡಲಿಲ್ಲ. ಅರಳಿದ್ದನ್ನು ನೀರಿನಡಿ ಇಟ್ಟು, ಸೋಸಿ, ಒಂದು ಪಾಲಿಗೆ ಮೂರು ಪಾಲು ತೊಳೆದ ಮರಳು. ಈ ಸುಣ್ಣ ಗಾಳಿಯಿಂದ ನಿಧಾನಕ್ಕೆ ಗಟ್ಟಿಯಾಗುವುದು. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿದರೆ ಪುಡಿ ಪುಡಿ. ಒದ್ದೆ ಗೋಣಿ ಇಳಿಬಿಟ್ಟು ಕಾದೆವು. ಮೇಸ್ತ್ರಿಗೆ ಮೊದಲು ನಂಬಿಕೆ ಬರಲಿಲ್ಲ. "ಒಂದು ಮುಷ್ಟಿ ಸಿಮೆಂಟ್ ಹಾಕುವ ಸರ್, ಬೇಗ ಆಗ್ತದೆ" ಅಂತ ದಿನಾ ಹೇಳುತ್ತಿದ್ದರು. ಕೊನೆಗೆ ಜಗಲಿಯ ಕಂಬ ಒಂದಕ್ಕೆ ಅವರ ತಂದೆ ಮಾಡುತ್ತಿದ್ದ ಹಾಗೆ ತೀಡಿ ನುಣ್ಣಗೆ ಮಾಡಿ, ಯಾರನ್ನೂ ಮುಟ್ಟಲು ಬಿಡಲಿಲ್ಲ.

ಕೈ ತಾಗುವ ಎತ್ತರಕ್ಕೆ ಎಣ್ಣೆ ಬಣ್ಣ ಬೇಕೇ ಬೇಕು ಅಂತ ಶಾಲೆಯವರು ಹೇಳಿದರು. ಮಾತಾಡಿ ಸುಣ್ಣಕ್ಕೆ ಕಾವಿ ಕಲಸಿ ಬಳಿಯುವುದು ಅಂತ ಆಯಿತು. ಕೊಳೆ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಮೇಲೆ ಬಳಿದರೆ ಮುಗಿಯಿತು.

ಕಟ್ಟಡ ನೋಡುವವರಿಗೆ ಒಂದು ಮಾತು

ಮಂಗಳೂರಿನ ಹಳೆ ಶಾಲೆ ಕಾಲೇಜು ಅಂದರೆ ಎಲ್ಲರೂ ಸೇಂಟ್ ಅಲೋಶಿಯಸ್‌ಗೆ ಹೋಗುತ್ತಾರೆ. 1880ರಲ್ಲಿ ಶುರುವಾದದ್ದು, ಇಟಲಿಯ ಚಿತ್ರಕಾರ ಮೊಸ್ಕೇನಿಯ ಚಿತ್ರಗಳಿರುವ ಚಾಪೆಲ್. ಹೋಗಬೇಕಾದ್ದೇ. ಆದರೆ ಚಿತ್ರ ಇಲ್ಲದ ಕಟ್ಟಡವನ್ನೂ ನೋಡಲು ಬರುತ್ತದೆ. 1956ರ ತನಕ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1854ರ ಬ್ರಿಟಿಷ್ ಶಿಕ್ಷಣ ನೀತಿಯ ಮೇಲೆ ಅಲ್ಲಿ ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನ ಸಿಗತೊಡಗಿತು. ಅಂಥ ಹಣ, ಊರಿನವರ ಚಂದಾ ಸೇರಿ ಎದ್ದ ಶಾಲೆಗಳಲ್ಲಿ ಅಲಂಕಾರಕ್ಕೆ ದುಡ್ಡಿಲ್ಲ. ಇರುವುದೆಲ್ಲ ಮಳೆಗೆ, ಸೆಕೆಗೆ, ಬೆಳಕಿಗೆ ಮಾಡಿದ ಉಪಾಯ. ಜಗಲಿಯ ಅಗಲ ನೋಡಿ, ಓರೆ ಮಳೆ ಗೋಡೆಗೆ ತಾಗದಷ್ಟೇ ಇರುತ್ತದೆ. ಕಿಟಕಿಯ ಕೆಳಗಿನ ಅಂಚು ಎಷ್ಟು ಎತ್ತರದಲ್ಲಿದೆ ನೋಡಿ, ಹಾಲಿನಲ್ಲಿ ನೆಲದಲ್ಲಿ ಕೂತ ಮಕ್ಕಳಿಗೆ ಗಾಳಿ ಸಿಗುವಷ್ಟು ತಗ್ಗು. ಇಳಿಮಾಡಿನ ಕೋಣೆಗಳಲ್ಲಿ ಅದು ಬೆಂಚಿನ ಎತ್ತರಕ್ಕೆ ಏರಿದೆ. ಬೆಂಚು ಬಂದದ್ದು ಯಾವ ಕಾಲಕ್ಕೆ ಅಂತ ಗೋಡೆಯೇ ಹೇಳುತ್ತಿದೆ.

ಗಾಜಿನ ಹಂಚು ಹಾಲಿಗೆ ಅಲ್ಲಲ್ಲಿ ಹಾಕಿದ್ದೇವೆ, ಹಳೆಯ ಜಾಗಗಳಲ್ಲೇ. ಕಪ್ಪು ಹಲಗೆಯ ಮೇಲೆ ನೇರ ಬೆಳಕು ಬೀಳುವ ಒಂದನ್ನು ಮಾತ್ರ ಬಿಟ್ಟೆವು. ಮಧ್ಯಾಹ್ನ ಹನ್ನೆರಡಕ್ಕೆ ಹಲಗೆ ಕಾಣುವುದೇ ಇಲ್ಲ ಅಂತ ಗಣಿತದ ಮೇಷ್ಟ್ರ ದೂರು ಇತ್ತು.

ಮೊದಲ ಮಳೆಗೆ

ಹಾಲಿನ ಮಾಡು ಸೋರಲಿಲ್ಲ. ಒಳಮೂಲೆ ಸೋರಲಿಲ್ಲ. ಇಳಿಮಾಡಿನ ಕೊನೆಯಲ್ಲಿ, ಹಾಲಿನ ಗೋಡೆಗೆ ಶೀಟ್ ತಾಗುವ ಕಡೆ, ಗೋಡೆ ಹಿಡಿದು ಒಂದು ಒದ್ದೆ ಗೆರೆ ಇಳಿಯಿತು. ಗೋಡೆಗೆ ಒಂದು ಗೀರು ಕೊರೆದು ತಗಡಿನ ಅಂಚನ್ನು ಒಳಗೆ ತೂರಿಸಿ ಸುಣ್ಣ ತುಂಬಿದ ಮೇಲೆ ನಿಂತಿತು. ಹೊಸ ಸಾರಣೆ ಅಲ್ಲಲ್ಲಿ ಕಪ್ಪಗೆ ಕಾಣುತ್ತದೆ, ತೇವ ಹೊರಗೆ ಬರುತ್ತಿದೆ. ಸೆಪ್ಟೆಂಬರ್ ತನಕ ಹಾಗೇ ಇರುತ್ತದೆ, ಅದರ ಮೇಲೆ ಯಾರೂ ಬಣ್ಣ ಬಳಿಯಬಾರದು ಅಂತ ಆಫೀಸಿನಲ್ಲಿ ಬರೆದು ಅಂಟಿಸಿದ್ದೇವೆ.

ಉಳಿದ ಹಂಚು ಅಚ್ಚಿನ ಪ್ರಕಾರ ಬೇರೆ ಬೇರೆಯಾಗಿ ಮೆಟ್ಟಿಲಿನ ಅಡಿಯಲ್ಲಿದೆ, ಎರಡು ಕೋಲೂ ಅಲ್ಲೇ. ಮೇ ಕೊನೆಯಲ್ಲಿ ಒಮ್ಮೆ, ಓಣಂ ಹೊತ್ತಿಗೆ ಮಳೆ ಬಿಟ್ಟಾಗ ಒಮ್ಮೆ ದೋಣಿಯ ಎಲೆ ತೆಗೆಯಬೇಕು. ಮಾಡಿನ ಮೇಲೆ ಬಾಗಿರುವ ತೆಂಗಿನಮರದ ಕಾಯಿ ಕೀಳಿಸುವುದು ಪಕ್ಕದ ಮನೆಯವರ ಒಪ್ಪಿಗೆಗೆ ಬಿಟ್ಟದ್ದು, ಮಾತುಕತೆ ನಡೆದಿದೆ. ಜಗಲಿಯ ಪಡುವಣ ಬದಿಯ ಎರಡು ಕಂಬ, ಬಚ್ಚಲಿನ ಕಡೆಯ ಗೋಡೆ ಬರುವ ಬೇಸಗೆಗೆ.